ಕಾಫಿ ಗೋದಾಮಿನಲ್ಲಿ ಗ್ಯಾಲರಿ: ಮಳೆಗಾಲದಲ್ಲಿ ಚಿತ್ರ ತೂಗುಹಾಕಬಹುದೇ?

ಹಂಚಿನಮಾಡು (ಪ್ರಶ್ನೆ)
ಮಡಿಕೇರಿ ಹತ್ತಿರದ ಹಳೇ ಕಾಫಿ ಗೋದಾಮು. 40 ಅಡಿ ಉದ್ದ, 18 ಅಡಿ ಅಗಲ, ಕಲ್ಲಿನ ಗೋಡೆ, ಹಂಚಿನ ಮಾಡು. ಏಪ್ರಿಲ್ ಕೊನೆಗೆ ಚೀಲಗಳೆಲ್ಲ ಹೋಗಿ ಖಾಲಿಯಾಗುತ್ತದೆ. ಜುಲೈನಲ್ಲಿ ಸಮಕಾಲೀನ ಕಲೆಯ ಪ್ರದರ್ಶನ ಇಡುವ ಯೋಚನೆ: 14 ಕ್ಯಾನ್ವಾಸ್, 20 ಜಲವರ್ಣ. ಬೂಷ್ಟು ಹಿಡಿಯದಂತೆ ಏನು ಮಾಡಬೇಕು? ಕೊಚ್ಚಿಯಲ್ಲಿ ಬಿಯೆನಾಲೆ (ಎರಡು ವರ್ಷಕ್ಕೊಮ್ಮೆಯ ದೊಡ್ಡ ಕಲಾ ಪ್ರದರ್ಶನ) ನಡೆಯುವುದೂ ಹಳೇ ಗೋದಾಮುಗಳಲ್ಲೇ ಅಲ್ಲವೇ?

ಚೌಕಟ್ಟು
ಗೋದಾಮು ಹೌದು, ಆದರೆ ತಿಂಗಳು ನೋಡಿ. ಕೊಚ್ಚಿ ಬಿಯೆನಾಲೆ ಶುರುವಾದದ್ದು 2012ರ ಡಿಸೆಂಬರ್ 12ಕ್ಕೆ. ಆಗ ಮುಖ್ಯ ಜಾಗ ಆಸ್ಪಿನ್‌ವಾಲ್ ಹೌಸ್, ಒಂದು ಕಾಲಕ್ಕೆ ಮೆಣಸು, ಶುಂಠಿ, ಕಾಫಿ ವ್ಯಾಪಾರದ ಕಟ್ಟಡ. ಪ್ರದರ್ಶನ ಮಾರ್ಚ್ ಹೊತ್ತಿಗೆ ಮುಗಿಯುತ್ತದೆ, ಅಂದರೆ ಒಣ ಹವೆಯಲ್ಲೇ. ಕೊಡಗಿನಲ್ಲಿ ಆ ತಿಂಗಳುಗಳಲ್ಲಿ ಗೋದಾಮಿನ ತುಂಬ ಕಾಫಿ. ಜಾಗ ಖಾಲಿ ಸಿಗುವುದೇ ಮಳೆಗೆ. ನಿಮ್ಮ ನಿಜವಾದ ತೊಡಕು ಇದು.

ತೇವಾಂಶ 45ರಿಂದ 55% ಇದ್ದರೆ ಒಳ್ಳೆಯದು, 65ರ ಒಳಗೆ ಏರಿಳಿತವಿಲ್ಲದೆ ನಿಂತರೂ ನಡೆಯುತ್ತದೆ. 70 ದಾಟಿ ಕೆಲವು ದಿನ ಹಾಗೇ ಇದ್ದರೆ ಬೂಷ್ಟು ಏಳುತ್ತದೆ, ಅದೂ ಮೊದಲು ಕಣ್ಣಿಗೆ ಬೀಳದ ಕಡೆ: ಕ್ಯಾನ್ವಾಸಿನ ಹಿಂಬದಿ, ಮೌಂಟಿನ (ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟಿನ) ಗಂಜಿ ಅಂಟು.

ತೇವಾಂಶ ಅಳೆಯುವ ಎರಡು ಹೈಗ್ರೋಮೀಟರ್ ಕೊಳ್ಳಿ, ಆದರೆ ಅಂಕಿಯನ್ನು ಸುಮ್ಮನೆ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಲವೇ ಹನಿ ನೀರು ಬಿಟ್ಟು ಒದ್ದೆ ಮರಳಿನ ಹದಕ್ಕೆ ತನ್ನಿ. ಉಪ್ಪು ಕರಗಿ ನೀರಾಗಬಾರದು. ಮೀಟರನ್ನೂ ಅದನ್ನೂ ಜಿಪ್ ಕವರಿನಲ್ಲಿ 12 ಗಂಟೆ ಮುಚ್ಚಿಡಿ. 75 ತೋರಿಸಬೇಕು. 71 ತೋರಿಸಿದರೆ, ಮುಂದೆ ಬರುವ ಅಂಕಿಗೆಲ್ಲ 4 ಸೇರಿಸಿಕೊಳ್ಳಿ.

ಕಕ್ಕಡ_ಮಳೆ
ಅಷ್ಟೆಲ್ಲ ಯಾಕೆ? ಬಟ್ಟೆ ಬೀರುವಿನಲ್ಲಿ ಬಲ್ಬ್ ಉರಿಸಿಡುವ ಹಾಗೆ ಒಂದೆರಡು ಹೀಟರ್ ಇಟ್ಟರೆ ಸಾಲದೇ?

ಚೌಕಟ್ಟು
ಲೆಕ್ಕ ಸರಿಯಿದೆ. 20 ಡಿಗ್ರಿಯಲ್ಲಿ 85% ಇರುವ ಗಾಳಿಯನ್ನು 25ಕ್ಕೆ ಕಾಯಿಸಿದರೆ ಸುಮಾರು 63%ಕ್ಕೆ ಇಳಿಯುತ್ತದೆ. ಆದರೆ ಬೀರುವಿಗೆ ಬಾಗಿಲಿದೆ, ಹಂಚಿನ ಮಾಡಿಗೆ ಎಲ್ಲೆಲ್ಲೂ ಸಂದಿ. ಕಾದ ಗಾಳಿ ಮೇಲೇರಿ ಹೋಗುತ್ತದೆ, ಹೊರಗಿನ ಮಂಜು ಒಳಗೆ ಬರುತ್ತದೆ. ರಾತ್ರಿ ಆರಿಸಿದಿರೋ, ಬೆಳಗ್ಗೆ ಗಾಜಿನ ಒಳಬದಿಯಲ್ಲಿ ಹನಿ.

ಹಾಗಾಗಿ ಮೊದಲು ಮಾಡಿನ ಕೆಳಗೆ ಒಂದು ಸೀಲಿಂಗ್ ಮುಚ್ಚಿ. ಹೊರಗೋಡೆಯಿಂದ 4 ಇಂಚು ಬಿಟ್ಟು ಪ್ಲೈವುಡ್ ಹಲಗೆ ನಿಲ್ಲಿಸಿ, ಚಿತ್ರಗಳನ್ನು ಅದಕ್ಕೇ ತೂಗುಹಾಕಿ. ಕಲ್ಲುಗೋಡೆಗೆ ಎಮಲ್ಷನ್ ಬಳಿಯಬೇಡಿ, ಒಳಗಿನ ತೇವಕ್ಕೆ ಗುಳ್ಳೆ ಏಳುತ್ತದೆ. ಸುಣ್ಣವೇ ಸರಿ.

ಆಮೇಲೆ ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ತೆಗೆಯುವ ಯಂತ್ರ. ಡಬ್ಬಿಯ ಮೇಲಿನ ಲೀಟರ್ ಲೆಕ್ಕ ಸಾಮಾನ್ಯವಾಗಿ 30 ಡಿಗ್ರಿ, 80% ತೇವದ್ದು. ಮಡಿಕೇರಿಯ ಜುಲೈ ಚಳಿಯಲ್ಲಿ ಕಂಪ್ರೆಸರ್ ಮಾದರಿ ಅಷ್ಟು ನೀರು ತೆಗೆಯುವುದಿಲ್ಲ. ತಂಪಿನಲ್ಲಿ ಡೆಸಿಕ್ಯಾಂಟ್ (ತೇವ ಹೀರುವ ವಸ್ತು ಬಳಸುವ) ಮಾದರಿ ವಾಸಿ, ಕರೆಂಟು ಮಾತ್ರ ಜಾಸ್ತಿ ತಿನ್ನುತ್ತದೆ. ನೀರನ್ನು ಪೈಪಿನಲ್ಲಿ ಹೊರಗೆ ಬಿಡಿ. ತೊಟ್ಟಿ ತುಂಬಿದರೆ ಯಂತ್ರ ತಾನಾಗಿ ನಿಂತುಬಿಡುತ್ತದೆ, ಅದು ಗೊತ್ತಾಗುವುದು ಮರುದಿನವೇ.

ಜಲವರ್ಣದ ಕಾಗದ ಗಾಜಿಗೆ ತಾಗಲೇಬಾರದು. ನಡುವೆ ಆಮ್ಲರಹಿತ ಮೌಂಟ್, ಚೌಕಟ್ಟಿನ ಹಿಂದೆ ಕೆಳಮೂಲೆಗಳಿಗೆ ಕಾರ್ಕಿನ ಬಿಲ್ಲೆ. ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಮೀರದಿರಲಿ.

ತುಲಾಮಾಸ
ಇಷ್ಟೆಲ್ಲ ಖರ್ಚು ಮಾಡಿದ ಮೇಲೂ ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಹೋದರೆ ಕತೆ ಮುಗಿಯಿತು. ಜಲವರ್ಣವನ್ನು ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಜಡಿಮಳೆಯ ಕೊಡವ ತಿಂಗಳು) ಇಡಲೇಬೇಡಿ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಕಳೆದು ಮಳೆ ಇಳಿದ ಮೇಲೆ, ಸುಗ್ಗಿಹಬ್ಬ ಹುತ್ತರಿಗೆ ಮುಂಚೆ ಒಂದು ಸಂದು ಸಿಗುತ್ತದೆ. ದಸರಾಕ್ಕೂ ಅಕ್ಟೋಬರ್ ನಡುವಿನ ತುಲಾ ಸಂಕ್ರಮಣಕ್ಕೂ ಜನ ಹೇಗೂ ಬರುತ್ತಾರೆ, ಅರೇಬಿಕಾ ಇನ್ನೂ ಗೋದಾಮಿಗೆ ಬಂದಿರುವುದಿಲ್ಲ. ಜುಲೈಯೇ ಬೇಕೆಂದರೆ ಸುಟ್ಟ ಮಣ್ಣು, ಕಲ್ಲಿನ ಕೃತಿಗಳನ್ನು ಇಡಿ.

ಇನ್ನೊಂದು ಮಾತು: ಕಾಫಿಗೆ ಹುಳ ಬಿದ್ದು ಫಾಸ್ಫೀನ್ (ಹುಳ ಕೊಲ್ಲುವ ವಿಷಾನಿಲ) ಹೊಗೆ ಹಾಕಿಸುವುದಿದ್ದರೆ, ಅದಕ್ಕೆ ಮೊದಲೇ ಕೃತಿಗಳನ್ನೂ ದೀಪ, ಪ್ರೊಜೆಕ್ಟರುಗಳನ್ನೂ ಹೊರಗೆ ಸಾಗಿಸಿ. ಆ ಅನಿಲ ತಾಮ್ರವನ್ನು ತಿನ್ನುತ್ತದೆ, ವೈರಿಂಗನ್ನೂ ಬಿಡುವುದಿಲ್ಲ.

ಹಂಚಿನಮಾಡು
ಸರಿ, ಜಲವರ್ಣ ಅಕ್ಟೋಬರಿಗೆ. ಈಗಾಗಲೇ ಒಂದು ಕ್ಯಾನ್ವಾಸಿನ ಹಿಂದೆ ಬೂದು ಚುಕ್ಕೆ ಕಾಣುತ್ತಿದೆ. ಒದ್ದೆ ಬಟ್ಟೆಯಲ್ಲಿ ಒರೆಸಲೇ?

ಚೌಕಟ್ಟು
ಬೇಡವೇ ಬೇಡ, ನೀರು ತಾಗಿದರೆ ಇನ್ನಷ್ಟು ಹರಡುತ್ತದೆ. ಮಿಕ್ಕ ಚಿತ್ರಗಳಿಂದ ದೂರ ಮಾಡಿ, ಒಣ ಕೋಣೆಯಲ್ಲಿ ಫ್ಯಾನ್ ಗಾಳಿ ನೇರ ಬೀಳದಂತೆ ಇಡಿ. ಚುಕ್ಕೆ ಪೂರ್ತಿ ಒಣಗಿ ಪುಡಿಯಾದ ಮೇಲೆ, ಮಳೆಯಿಲ್ಲದ ಹೊತ್ತು ನೋಡಿ ಜಗಲಿಗೆ ತಂದು, ಎನ್95 ಮಾಸ್ಕ್ ಹಾಕಿಕೊಂಡು ಮೆತ್ತನೆ ಬ್ರಷ್‌ನಿಂದ ಹಿಂಬದಿಯನ್ನಷ್ಟೇ ಗುಡಿಸಿ. ಬಣ್ಣದ ಬದಿಗೆ ದಾಟಿದ್ದರೆ ನೀವು ಮುಟ್ಟಬೇಡಿ, ಸಂರಕ್ಷಣೆಯ ಕೆಲಸ ಗೊತ್ತಿದ್ದವರಿಗೆ ಕೊಡಿ.