ಡಾಲ್ಫಿನ್ ಲಿವರ್‌ನಾಗ ಗಾಳಿಗುಳ್ಳಿ: ಗಾಯವೋ, ಕೊಳೆತದ್ದೋ?

ಪ್ರಶ್ನೆ (ಪಶುವೈದ್ಯರು, ಸುರಪುರ): ಸರ್, ಬ್ಯಾಸಿಗ್ಯಾಗ ಸತ್ತ ಕುರಿ ತಡಮಾಡಿ ಕೊಯ್ದ್ರ ಲಿವರ್ ತುಂಬ ಗುಳ್ಳಿ ಇರ್ತಾವ. ಕೊಳೆತದ್ದು ಅಂತ ಬರೆದು ಬಿಡ್ತೀವಿ. ದಡಕ್ಕೆ ಬಿದ್ದ ಡಾಲ್ಫಿನ್‌ನಾಗ ಅದನ್ನೇ ಗಾಯ ಅಂತಾರಲ್ಲ, ಹೆಂಗ?

ಉತ್ತರ (ರೋಗಶಾಸ್ತ್ರ, ಬೀದರ್): ಕುರಿ ವಿಷಯದಾಗ ನೀವು ಬರೆಯೋದು ಬಹುತೇಕ ಸರಿ ಅದರೀ. ಸತ್ತ ಮ್ಯಾಲೆ ಕರುಳಿನ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಲಿವರ್‌ಗೆ ಹಬ್ಬಿ ಗ್ಯಾಸ್ ಮಾಡ್ತದ. ಸೂಕ್ಷ್ಮದರ್ಶಕದಾಗ ಗುಳ್ಳಿ ಸುತ್ತ ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಕಾಣ್ತಾವ, ಉರಿಯೂತ ಇರಲ್ಲ. 2003ರಾಗ ವರದಿಯಾದ ಬ್ರಿಟನ್ ಡಾಲ್ಫಿನ್‌ಗಳ ಲಿವರ್‌ನಾಗ ಗುಳ್ಳಿಗಳ ಸುತ್ತ ನಾರಿನ ಕವಚ ಬೆಳೆದಿತ್ತು. ನಾರು ಕಟ್ಟಬೇಕಂದ್ರ ಪ್ರಾಣಿ ಬದುಕಿರಬೇಕು. ಆ ಗುಳ್ಳಿ ಸಾಯೋಕಿಂತ ಭಾಳ ಮೊದಲಿನವು.

ತಕ್ಷಣ ಸತ್ತಿದ್ರ ಕವಚ ಸಿಗಲ್ಲ. ಸೆಪ್ಟೆಂಬರ್ 2002ರಾಗ ಸ್ಪೇನಿನ ಕ್ಯಾನರಿ ದ್ವೀಪಗಳ ಹತ್ರ ನೌಕಾ ಕವಾಯತು ನಡೆದಾಗ 14 ಕೊಕ್ಕಿನ ತಿಮಿಂಗಿಲ ದಡಕ್ಕೆ ಬಿದ್ದವು. ತಾಜಾ ದೇಹಗಳಾಗ ರಕ್ತನಾಳದ ಗುಳ್ಳಿ ಜೊತೆ ಕೊಬ್ಬಿನ ಹನಿಗಳೂ ಸಿಕ್ಕವು. ಸೋನಾರ್ (ನೀರಾಗ ಸದ್ದು ಬಿಟ್ಟು ವಸ್ತು ಪತ್ತೆ ಹಚ್ಚೋ ಯಂತ್ರ) ಸದ್ದಿಗೆ ಮುಳುಗೋ-ಏಳೋ ಲಯ ಕೆಟ್ಟು, ರಕ್ತದಾಗ ಕರಗಿದ್ದ ನೈಟ್ರೋಜನ್ ಗುಳ್ಳಿಯಾಗಿ ಹೊರಗ ಬಂತು ಅನ್ನೋದು ವಿವರಣೆ. 2004ರಾಗ ಸ್ಪೇನ್ ಅಲ್ಲಿ ಸೋನಾರ್ ನಿಲ್ಲಿಸ್ತು.

ಪ್ರಶ್ನೆ (ವಿದ್ಯಾರ್ಥಿನಿ, ಕಲಬುರಗಿ): ಕೊಯ್ಯುವಾಗಲೇ ಗಾಳಿ ಒಳಗ ಹೋದ್ರ?

ಉತ್ತರ: ಹೋಗ್ತದಮ್ಮ, ಎಡವಟ್ಟು ಆಗೋದೇ ಅಲ್ಲಿ. ದೊಡ್ಡ ರಕ್ತನಾಳ ಕತ್ತರಿಸೋಕಿಂತ ಮೊದಲೇ ಕರುಳಿನ ಪೊರೆ, ಕಿಡ್ನಿ, ಹೃದಯದ ಮ್ಯಾಲಿನ ಸಿರೆಗಳನ್ನ ನೋಡಿ ಫೋಟೊ ತಗೋಬೇಕು. ತಲೆ ಮೊದಲು ಬೇರ್ಪಡಿಸಬಾರದು. ಇನ್ಸುಲಿನ್ ಸಿರಿಂಜಿನಿಂದ ಗುಳ್ಳಿ ಗ್ಯಾಸ್ ಎಳೆದು, ಔಷಧಿ ಲೇಪನ ಇಲ್ಲದ ನಿರ್ವಾತ ಟ್ಯೂಬಿಗೆ ಹಾಕಿ ಗ್ಯಾಸ್ ಕ್ರೊಮಟೋಗ್ರಫಿಗೆ (ಯಾವ ಗ್ಯಾಸ್ ಎಷ್ಟದ ಅಂತ ಅಳೆಯೋ ಪರೀಕ್ಷೆ) ಕಳಿಸ್ರಿ. ಸತ್ತು 12 ತಾಸಿನೊಳಗ ಆದ್ರ ಚಲೋ, 24 ದಾಟಿದ್ರ ಭರವಸೆ ಇಲ್ಲ. ನೈಟ್ರೋಜನ್ ಹೆಚ್ಚಿದ್ದು ಹೈಡ್ರೋಜನ್ ಇಲ್ಲದಿದ್ರ ನೀರಿನ ಒತ್ತಡ ತಟ್ಟನೆ ಇಳಿದು ಆಗೋ ಗಾಯದ ಕಡೆ ವಾಲ್ತದ. ಹೈಡ್ರೋಜನ್ ಸಿಕ್ತಂದ್ರ ಕೊಳೆಯೋದು ಶುರುವಾಗ್ಯಾದ.

ದೇಹ ಫ್ರೀಜರ್‌ಗೆ ಹಾಕಬ್ಯಾಡ್ರಿ, ಹೆಪ್ಪುಗಟ್ಟಿ ಕರಗಿದಾಗ ಹುಸಿಗುಳ್ಳಿ ಏಳ್ತಾವ. ಲಿವರ್ ತುಂಡು 1 ಸೆಂ.ಮೀ. ದಪ್ಪ ಸಾಕು, ಅದರ ಹತ್ತುಪಟ್ಟು 10% ಫಾರ್ಮಲಿನ್ (ತುಂಡು ಕೊಳೀದಂಗ ಇಡೋ ದ್ರಾವಣ). ಕೊಬ್ಬಿನ ಹನಿ ಹುಡುಕೋದಾದ್ರ ಒಂದು ತುಂಡು ಮೇಣದ ಅಚ್ಚಿಗೆ, ಅಂದ್ರ ಪ್ಯಾರಾಫಿನ್‌ಗೆ ಕಳಿಸದೆ ಉಳಿಸಿಕೊಳ್ರಿ. ಆ ಕೆಲಸಕ್ಕ ಹಾಕೋ ಆಲ್ಕೋಹಾಲ್, ಕ್ಸೈಲೀನ್ ಕೊಬ್ಬನ್ನೆಲ್ಲ ತೊಳೆದುಬಿಡ್ತಾವ. ಕೊಬ್ಬು ತೋರಿಸೋ ಆಯಿಲ್ ರೆಡ್ ಒ ಬಣ್ಣಕ್ಕ ಫ್ರೋಜನ್ ಸೆಕ್ಷನ್ನೇ (ತುಂಡನ್ನಷ್ಟೇ ಹೆಪ್ಪುಗಟ್ಟಿಸಿ ಕೊಯ್ದ ತೆಳು ಪದರ) ಬೇಕು.

ಪ್ರಶ್ನೆ (ಸುರಪುರ): ಗುಳ್ಳಿ ಸಿಕ್ರ ಸಾವಿಗೆ ಅದೇ ಕಾರಣ ಅಂತ ಬರೀಬಹುದಾ?

ಉತ್ತರ: ಬರೀಬ್ಯಾಡ್ರಿ. ಅಮೆರಿಕದ ಕೇಪ್ ಕಾಡ್ ದಡದಾಗ ಜೀವಂತ ಡಾಲ್ಫಿನ್‌ಗಳಿಗೆ ಸ್ಕ್ಯಾನ್ ಮಾಡಿದಾಗ್ಲೂ ಗುಳ್ಳಿ ಕಂಡಾವ, ಕಡಲಿಗೆ ಬಿಟ್ಟ ಮ್ಯಾಲೆ ಬದುಕ್ಯಾವ. ಇನ್ನ ನಾರುಗಟ್ಟಿದ್ದೆಲ್ಲ ಗ್ಯಾಸಿನದೂ ಅಲ್ಲ: ಡಾಲ್ಫಿನ್ ಹಂಗಿರೋ ಸಣ್ಣ ಕಡಲ ಪ್ರಾಣಿ ಹಾರ್ಬರ್ ಪಾರ್ಪಾಯ್ಸ್‌ನ ಪಿತ್ತನಾಳದಾಗ ಕ್ಯಾಂಪುಲಾ ಅನ್ನೋ ಫ್ಲೂಕ್ (ಚಪ್ಪಟೆ ಹುಳ) ಇರ್ತದ, ನಮ್ಮ ಕುರಿಯ ಲಿವರ್ ಫ್ಲೂಕ್ ಹಂಗೇ ನಾಳ ದಪ್ಪ ಮಾಡ್ತದ. ನಾಳ ಸೀಳಿ ಹುಳ, ತತ್ತಿ ನೋಡಿದ ಮ್ಯಾಲೇ ವರದಿಗೆ ಸಹಿ ಹಾಕ್ರಿ.