ಎಎಂಎಚ್ 0.9: ಐಯುಐ ಮಾಡಿಸೋದಾ, ನೇರ ಐವಿಎಫ್‌ಗೆ ಹೋಗೋದಾ?

ಪ್ರಶ್ನೆ: ನಾವು ಹಾಸನದವರು. ನನಗೆ 34 ವರ್ಷ, ಎಎಂಎಚ್ (ಅಂಡಾಣು ಸಂಗ್ರಹ ತಿಳಿಸೋ ರಕ್ತಪರೀಕ್ಷೆ) 0.9. ಯಜಮಾನರ ವೀರ್ಯಾಣು ಮಿಲಿಗೆ 1.1 ಕೋಟಿ. ಡಾಕ್ಟರ್ ಮೂರು ಸಲ ಐಯುಐ, ಅಂದ್ರೆ ಲ್ಯಾಬ್‌ನಲ್ಲಿ ತೊಳೆದ ವೀರ್ಯಾಣುವನ್ನು ಗರ್ಭಕೋಶಕ್ಕೆ ಬಿಡೋದು, ನೋಡೋಣ ಅಂತಾರೆ. ಐವಿಎಫ್ (ಅಂಡಾಣು ಹೊರತೆಗೆದು ಲ್ಯಾಬ್‌ನಲ್ಲಿ ಭ್ರೂಣ ಮಾಡೋದು) ಆದ್ರೆ ದಿನಾ ಬೆಂಗಳೂರಿಗೆ ಓಡಾಡಬೇಕಾ?

ಉತ್ತರ 1: ಎಎಂಎಚ್ ಹೇಳೋದು ಅಂಡಾಣು ಎಷ್ಟು ಉಳಿದಿವೆ ಅಂತ, ಗುಣಮಟ್ಟವನ್ನಲ್ಲ. ಅದಕ್ಕೆ ವಯಸ್ಸೇ ಅಳತೆ. ಹೆದರಬೇಡಿ, ಆದ್ರೆ ವರ್ಷಗಟ್ಟಲೆ ಕಾಯಲೂಬೇಡಿ. ಒಂದೇ ವೀರ್ಯ ರಿಪೋರ್ಟ್ ನಂಬಬೇಡಿ. ಇನ್ನೊಮ್ಮೆ ಕೊಡಲಿ, ಕೊಡೋ ಮುಂಚೆ 2ರಿಂದ 7 ದಿನ ವೀರ್ಯ ಸ್ಖಲನ ಆಗದ ಹಾಗೆ ನೋಡ್ಕೊಳ್ಳಲಿ. ಸ್ಯಾಂಪಲ್ ಲ್ಯಾಬ್‌ನಲ್ಲೇ ಕೊಡೋದು ಮೇಲು. ಸಕಲೇಶಪುರದ ಕಡೆಯಿಂದ ಚಳೀಲಿ ಬೈಕ್ ಡಿಕ್ಕಿಯಲ್ಲಿ ತಂದ್ರೆ ಚಲನೆ ಕುಗ್ಗಿ ಸುಳ್ಳು ರಿಪೋರ್ಟ್ ಬರುತ್ತೆ. ತರಲೇಬೇಕಾದ್ರೆ ಮೈಗೆ ತಾಗೋ ಒಳಜೇಬಲ್ಲಿಟ್ಟು ಒಂದು ಗಂಟೆಯೊಳಗೆ ತಲುಪಿಸಿ.

ಉತ್ತರ 2: ಗರ್ಭನಾಳದ ಎಕ್ಸ್‌ರೇ, ಅಂದ್ರೆ ಎಚ್‌ಎಸ್‌ಜಿ, ಆಗಿದೆಯಾ? ಎರಡೂ ನಾಳ ಮುಚ್ಚಿದ್ರೆ ಐಯುಐಗೆ ಹಾಕೋ ದುಡ್ಡು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಮುಟ್ಟು ನಿಂತ ಮೇಲೆ, 10ನೇ ದಿನದೊಳಗೆ ಮಾಡಿಸಿ. ತೊಳೆದ ಮೇಲೆ ಚಲಿಸೋ ವೀರ್ಯಾಣು 50 ಲಕ್ಷಕ್ಕಿಂತ ಕಮ್ಮಿ ಇದ್ರೂ ಐಯುಐ ಫಲ ಕಡಿಮೆ.

ಉತ್ತರ 3: ದಿನಾ ಬೇಡ. ಐವಿಎಫ್ ಇಂಜೆಕ್ಷನ್ ಸುಮಾರು 8ರಿಂದ 12 ದಿನ. ಬೆಂಗಳೂರಿನ ಡಾಕ್ಟರ್ ಒಪ್ಪಿದ್ರೆ ಮಧ್ಯದ ಸ್ಕ್ಯಾನ್ ಹಾಸನದಲ್ಲೇ ಮಾಡಿಸಿ ಅಳತೆ ವಾಟ್ಸಾಪ್ ಮಾಡಬಹುದು. ಅಂಡಾಣು ಪೂರ್ತಿ ಬಲಿಯೋಕೆ ಕೊನೆಗೆ ಕೊಡೋ ಟ್ರಿಗರ್ ಇಂಜೆಕ್ಷನ್ ಮಾತ್ರ ಹೇಳಿದ ನಿಮಿಷಕ್ಕೇ ಆಗಬೇಕು, ಅಂಡಾಣು ತೆಗೆಯೋದು ಅದಾಗಿ 34–36 ಗಂಟೆಗೆ. ಫ್ರಿಜ್‌ನಲ್ಲಿಡೋ ಔಷಧಿಗೆ 2–8 ಡಿಗ್ರಿ. ಬಸ್ಸಲ್ಲಿ ಒಯ್ಯುವಾಗ ಐಸ್ ಪ್ಯಾಕ್‌ಗೆ ಬಟ್ಟೆ ಸುತ್ತಿ, ನೇರ ತಾಗಿ ಹೆಪ್ಪುಗಟ್ಟಿದ್ರೆ ಔಷಧಿ ಕೆಟ್ಟಂತೆ. ಆಸ್ಪತ್ರೆಯಲ್ಲಿ 2021ರ ಎಆರ್‌ಟಿ (ಸಹಾಯಕ ಸಂತಾನೋತ್ಪತ್ತಿ ಚಿಕಿತ್ಸೆ) ಕಾಯ್ದೆಯ ನೋಂದಣಿ ಪತ್ರ ಕೇಳಿ ನೋಡಿ.