ಅಂಗಡಿಗೆ ‘ತನಿಖಾಧಿಕಾರಿ’ ಬಂದರೆ: ವಕೀಲರಿಗೆ ಕೇಳಿ

ಪ್ರಶ್ನೆ (ಕುಮಟಾದಿಂದ): ವಕೀಲರೇ, ನಮಸ್ಕಾರ. ನಮ್ಮದು ಸಣ್ಣ ಕಿರಾಣಿ ಅಂಗಡಿ. ಮೊನ್ನೆ ಇಬ್ಬರು ಕಾರಲ್ಲಿ ಬಂದರು. ಕೊರಳಲ್ಲಿ ಕೆಂಪು ದಾರದ ಕಾರ್ಡು. ಅದರ ಮೇಲೆ ಸಿಂಹದ ಮುದ್ರೆ, ಕೆಳಗೆ ‘ತನಿಖಾಧಿಕಾರಿ, ಎಸಿಬಿ’ (ಭ್ರಷ್ಟಾಚಾರ ನಿಗ್ರಹ ದಳ) ಅಂತ ಇತ್ತು. ತಕ್ಕಡಿ ನೋಡಿದರು, ಎಣ್ಣೆ ಡಬ್ಬ ತೆಗೆಸಿದರು. ಕೇಸು ಬೇಡ ಅಂದ್ರೆ ಐದು ಸಾವಿರ ಕೊಡಿ ಅಂದರು. ಅಪ್ಪಯ್ಯ ಹೆದರಿ ಎರಡು ಸಾವಿರ ಕೊಟ್ಟುಬಿಟ್ಟರು. ಇವರಿಗೆ ತನಿಖೆ ಮಾಡುವ ಹಕ್ಕು ಇದೆಯಾ?

ಉತ್ತರ: ಇಲ್ಲ. ಮೊದಲು ಅಪ್ಪಯ್ಯನಿಗೆ ಧೈರ್ಯ ಹೇಳಿ. ಸಿಂಹದ ಮುದ್ರೆ ಕಂಡರೆ ಯಾರಿಗಾದರೂ ಕೈ ನಡುಗುತ್ತದೆ.

ತಪಾಸಣೆ, ತನಿಖೆ, ವಿಚಾರಣೆ ಮೂರನ್ನೂ ನಾವು ಮಾತಲ್ಲಿ ಒಂದೇ ಮಾಡಿಬಿಡುತ್ತೇವೆ. ಮೋಸಗಾರರಿಗೆ ಅದೇ ಅನುಕೂಲ. ಕಾನೂನಲ್ಲಿ ಮೂರೂ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ, ಅಪರಾಧ ಪ್ರಕರಣ ನಡೆಸುವ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 2ನೇ ಸೆಕ್ಷನ್‌ನಲ್ಲೇ ತನಿಖೆ, ವಿಚಾರಣೆಗಳ ಅರ್ಥ ಹೇಳಿದೆ. ಸಾಕ್ಷ್ಯ ಕಲೆಹಾಕುವ ಕೆಲಸ ತನಿಖೆ. ಅದನ್ನು ಮಾಡುವವರು ಪೊಲೀಸ್ ಅಧಿಕಾರಿ, ಇಲ್ಲವೇ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ವ್ಯಕ್ತಿ. ಮ್ಯಾಜಿಸ್ಟ್ರೇಟರು ಅಥವಾ ಕೋರ್ಟು ತಾವೇ ನಡೆಸಿದರೆ ಅದು ವಿಚಾರಣೆ. ಇವರನ್ನು ಬಿಟ್ಟು ಬೇರೆಯವರಿಗೆ ಅಧಿಕಾರ ಇದೆ ಅಂದರೆ ಅದನ್ನು ಕೊಟ್ಟ ಕಾಯ್ದೆ ಒಂದಿರಬೇಕು. ಇಂಥ ಹೆಸರಲ್ಲಿ ಸಂಘ, ಟ್ರಸ್ಟು ನೋಂದಣಿ ಮಾಡಿಸಿದ ಮಾತ್ರಕ್ಕೆ ಅಧಿಕಾರ ಬರುವುದಿಲ್ಲ.

ತಕ್ಕಡಿ ನೋಡಬೇಕಾದವರು ಕಾನೂನು ಮಾಪನ ಇಲಾಖೆಯ ನಿರೀಕ್ಷಕರು. ಎಣ್ಣೆಯ ಸ್ಯಾಂಪಲ್ ತೆಗೆಯುವವರು ಆಹಾರ ಸುರಕ್ಷತಾ ಅಧಿಕಾರಿ, 2006ರ ಆಹಾರ ಸುರಕ್ಷತಾ ಕಾಯ್ದೆಯಂತೆ. ಅವರದು ತಪಾಸಣೆ. ಅವರು ಬಂದರೆ ಖಂಡಿತ ಸಹಕರಿಸಿ.

ಇನ್ನು ಎಸಿಬಿ. ಕರ್ನಾಟಕದಲ್ಲಿ 2016ರಲ್ಲಿ ಶುರುವಾದ ಎಸಿಬಿಯನ್ನು ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದು ಮಾಡಿತು. ಆ ಕೆಲಸ ಲೋಕಾಯುಕ್ತ ಪೊಲೀಸರಿಗೆ ಹೋಯಿತು. ಅವರು ಹಿಡಿಯುವುದು ಲಂಚ ತಿನ್ನುವ ಸರ್ಕಾರಿ ನೌಕರರನ್ನು, ಕಿರಾಣಿ ಅಂಗಡಿಯ ತಕ್ಕಡಿಯನ್ನಲ್ಲ.

ಅಧಿಕಾರಿ ಅಂತ ಸುಳ್ಳು ವೇಷ ಹಾಕುವುದು, ಅಪರಾಧ-ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆಯ 204ನೇ ಸೆಕ್ಷನ್‌ ಪ್ರಕಾರ ಅಪರಾಧ. ಆರು ತಿಂಗಳಿಗೆ ಕಡಿಮೆ ಇಲ್ಲದಂತೆ, ಮೂರು ವರ್ಷದವರೆಗೆ ಜೈಲು. ಹೆದರಿಸಿ ದುಡ್ಡು ಕಿತ್ತಿದ್ದು ಬೇರೆಯೇ ಕೇಸು. ಠಾಣೆಗೆ ಇವತ್ತೇ ದೂರು ಕೊಡಿ.

ಪ್ರಶ್ನೆ (ಶಿರಸಿಯಿಂದ): ಹಾಗಾದರೆ ಅರಣ್ಯ ಇಲಾಖೆಯವರು? ಅವರು ಪೊಲೀಸರಲ್ಲ, ಆದರೂ ಹೇಳಿಕೆ ಬರೆಸಿಕೊಳ್ಳುತ್ತಾರಲ್ಲ?

ಉತ್ತರ: ಒಳ್ಳೆ ಪ್ರಶ್ನೆ. ಅವರಿಗೆ ಕಾಯ್ದೆಯೇ ಅಧಿಕಾರ ಕೊಟ್ಟಿದೆ. ಆದರೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಅಲ್ಲ. 1972ರ ವನ್ಯಜೀವಿ ಕಾಯ್ದೆಯ 50ನೇ ಸೆಕ್ಷನ್ ನೋಡಿ. ಸಾಕ್ಷಿಗಳನ್ನು ಕರೆಸಿ ಸಾಕ್ಷ್ಯ ದಾಖಲಿಸಲು ಸರ್ಕಾರ ಅಧಿಕಾರ ಕೊಟ್ಟಿರಬೇಕು, ದರ್ಜೆಯೂ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿಗಿಂತ (ಎಸಿಎಫ್) ಕಡಿಮೆ ಇರಬಾರದು. ಆ ಸಾಕ್ಷ್ಯ ಮುಂದೆ ಕೋರ್ಟಿನಲ್ಲಿ ನಿಲ್ಲಬೇಕಾದರೆ ಆರೋಪಿಯ ಎದುರಿಗೇ ಬರೆದುಕೊಂಡಿರಬೇಕು. ಬೆಟ್ಟದ ಅಂಚಿನಲ್ಲಿ ತೋಟ ಇರುವವರಿಗೆ ನಾನು ಯಾವಾಗಲೂ ಹೇಳುತ್ತೇನೆ: ಗಾರ್ಡು ಎಷ್ಟೇ ಪರಿಚಯದವರಾದರೂ ಖಾಲಿ ಹಾಳೆಗೆ ಸಹಿ ಹಾಕಬೇಡಿ.

ನಮ್ಮ ಉತ್ತರ ಕನ್ನಡ ಜಿಲ್ಲೆಯದೇ ಉದಾಹರಣೆ ಬೇಲೆಕೇರಿ ಬಂದರು. 2010ರಲ್ಲಿ ಅಲ್ಲಿ ಕಬ್ಬಿಣದ ಅದಿರು ಜಪ್ತಿ ಮಾಡಿದ್ದು ಅರಣ್ಯ ಇಲಾಖೆ. ಆ ಅದಿರು ಕಾಣೆಯಾದ ಮೇಲೆ ತನಿಖೆ ಸಿಬಿಐಗೆ ಹೋಯಿತು, ಅದೂ ಸುಪ್ರೀಂ ಕೋರ್ಟ್ ಆದೇಶದಿಂದ. ಸಿಬಿಐ ತಾನಾಗಿ ರಾಜ್ಯದೊಳಗೆ ಬರುವಂತಿಲ್ಲ. ರಾಜ್ಯದ ಒಪ್ಪಿಗೆ ಬೇಕು, ಇಲ್ಲವೇ ಮೇಲಿನ ಕೋರ್ಟಿನ ಆದೇಶ ಬೇಕು.

ಕುಮಟಾದವರೇ, ಆ ಕಾರಿನ ನಂಬರು ಇದೆಯಾ?

ಕುಮಟಾದಿಂದ: ಇದೆ ಸರ್. ಅಮ್ಮ ಉದ್ರಿ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಈಗಲೇ ಠಾಣೆಗೆ ಹೊರಟೆವು.